ಹರಿಯುವ ನೀರಿನಿಂದ ಹರಿಯುವ ನೆತ್ತರಿಗೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಯಾರಿಗಾದರೂ ಲಕ್ವ ಹೊಡೆದರೆ ಮನೆಯವರು ಗಾಡಿ ಮಾಡಿಕೊಂಡು ದಾವಣಗೆರೆಗೋ ಬಳ್ಳಾರಿಗೋ ಹೊರಡುತ್ತಾರೆ. ಹಗರಿಬೊಮ್ಮನಹಳ್ಳಿ, ಹಡಗಲಿಯವರು ಹುಬ್ಬಳ್ಳಿಗೂ ಹೋಗುವುದುಂಟು. ಮಿದುಳಿನ ಎಂಆರ್‌ಐ ಜತೆಗೆ ಡಾಕ್ಟರು ಎಷ್ಟೋ ಸಲ ರಕ್ತನಾಳಗಳ ಚಿತ್ರವನ್ನೂ ತೆಗೆಸುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ನಾಳಗಳು ಬೆಳ್ಳಗೆ ಎದ್ದು ಕಾಣುತ್ತವೆ. ಅದರ ಒಂದು ಬಗೆಗೆ ಯಾವ ಇಂಜೆಕ್ಷನ್ನೂ ಬೇಡ. ಆ ವಿದ್ಯೆಯ ಮೊದಲ ಎಳೆ ಸಿಗುವುದು ಬೆಂಗಳೂರಿನಲ್ಲಿ, 1951ರಲ್ಲಿ.

ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಈ ಸೀಮೆ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಭೌತಶಾಸ್ತ್ರಜ್ಞರಾದ ಬ್ಲಾಕ್ ಮತ್ತು ಪರ್ಸೆಲ್ ಅಮೆರಿಕದಲ್ಲಿ ಎಂಆರ್‌ಐಗೆ ಮೂಲವಾದ ಪರಮಾಣು ಕಾಂತ ಅನುರಣನವನ್ನು ಪ್ರಕಟಿಸಿ ಐದೇ ವರ್ಷವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅಯಸ್ಕಾಂತದ ನಡುವೆ, ಸುರುಳಿಯೊಳಗೆ, ಒಂದು ನಳಿಕೆಯಲ್ಲಿ ನೀರು ಹರಿಸಿದರು. ನಿಂತ ನೀರಿಗೆ ರೇಡಿಯೋ ತರಂಗ ಬಲವಾಗಿ ಬಡಿಯುತ್ತಲೇ ಇದ್ದರೆ ಅದರ ಹೈಡ್ರೋಜನ್ ಪರಮಾಣು ಕೇಂದ್ರಗಳು ದಣಿದು ಅವು ಕೊಡುವ ಸಂಕೇತ ಕುಗ್ಗುತ್ತದೆ. ನೀರು ಹರಿದಾಗ ದಣಿಯದ ಹೊಸ ನೀರು ಒಳಬಂದು ಸಂಕೇತ ಮತ್ತೆ ಏರಿತು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಎಂಆರ್‌ಐ ಎಂಬ ಯಂತ್ರದ ಕಲ್ಪನೆಯೇ ಇರದಿದ್ದ ಕಾಲ!

ಇಂಜೆಕ್ಷನ್ ಇಲ್ಲದೆ ರಕ್ತನಾಳಗಳ ಚಿತ್ರ ತೆಗೆಯುವಾಗ ಇಂದಿನ ಸ್ಕ್ಯಾನರ್ ಮಾಡುವುದೂ ಅದನ್ನೇ. 1.5 ಟೆಸ್ಲಾ ಯಂತ್ರ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೋ ಪಲ್ಸ್‌ಗಳನ್ನು ಒಂದರ ಬೆನ್ನಿಗೊಂದು ಹೊಡೆಯುತ್ತದೆ. ಅಲುಗದ ಮಿದುಳು ಮಸುಕಾಗುತ್ತದೆ, ಎದೆಯಿಂದ ಏರಿಬಂದ ಹೊಸ ರಕ್ತ ಹೊಳೆಯುತ್ತದೆ. ತೊಡಕು ಬರುವುದು ದೂರದ ಸಣ್ಣ ನಾಳಗಳಲ್ಲಿ. ಅಲ್ಲಿಗೆ ಮುಟ್ಟುವ ಮೊದಲೇ ರಕ್ತವೂ ಪಲ್ಸ್ ತಿಂದು ಮಂಕಾಗುತ್ತದೆ, ಇಲ್ಲದ ಅಡಚಣೆ ಇದ್ದಂತೆ ತೋರಬಹುದು. ಇದಕ್ಕೆಂದೇ ಹೈಡ್ರೋಜನ್ ಕೇಂದ್ರಗಳನ್ನು ರಕ್ತ ಒಳಬರುವ ಕಡೆ ಮೆತ್ತಗೆ, ಹೊರಹೋಗುವ ಕಡೆ ಜೋರಾಗಿ ತಿರುಗಿಸುವ ಇಳಿಜಾರು ಪಲ್ಸ್ ರೂಪಿಸಿದರು. ನೆತ್ತಿಯ ಕಡೆಯಿಂದ ಇಳಿಯುವ ಅಭಿಧಮನಿಗಳ ರಕ್ತವನ್ನು ಮೊದಲೇ ಅಳಿಸಿಬಿಡಲು ಇನ್ನೊಂದು ಪಲ್ಸ್ ಬಂತು. ಚಿತ್ರದ ಹದವೆಲ್ಲ ಈ ಪಲ್ಸ್‌ಗಳ ಹದದಲ್ಲೇ ಇದೆ.

ಬೆಂಗಳೂರಿನ ನಂಟು ಅಲ್ಲಿಗೇ ಮುಗಿಯಲಿಲ್ಲ. 1975ರಲ್ಲಿ ಜೂರಿಕ್‌ನಲ್ಲಿ ವೆಲ್ಟಿ ಮತ್ತು ಅರ್ನ್ಸ್ಟ್ ಜತೆ ಫೂರಿಯೆ ಚಿತ್ರಣದ ಪ್ರಬಂಧ ಬರೆದ ಅನಿಲ್ ಕುಮಾರ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಪಾಠ ಹೇಳಿದರು. ಇಂದಿನ ಎಂಆರ್‌ಐ ಚಿತ್ರಗಳ ಲೆಕ್ಕಾಚಾರಕ್ಕೆ ಆ ಪ್ರಬಂಧ ಅಡಿಪಾಯ.

ಸೂರ್ಯನ್ ಮಾಡಿದ ಪ್ರಯೋಗ ಪಿಯುಸಿ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಕೊಟ್ಟೂರು, ಹಡಗಲಿಯ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳು ಅದನ್ನು ತರಗತಿಯಲ್ಲಿ ಹೆಸರು ಹಿಡಿದು ಹೇಳಲಿ.