ಊರಿನ ಹೆಸರು ಹೊತ್ತವರು

ವರ್ಗವಾಗಿ ಪುಣೆಗೆ ಬಂದ ನಮ್ಮಂಥ ಬ್ಯಾಂಕಿನವರಿಗೆ ‘ನಿಮ್ಮೂರು ಯಾವುದು?’ ಅನ್ನೋ ಪ್ರಶ್ನೆ ತಪ್ಪಿದ್ದಲ್ಲ. ಇಲ್ಲಿನ ಯಹೂದ್ಯರನ್ನು ಇದೇ ಪ್ರಶ್ನೆ ಸಮುದ್ರದಾಚೆಗೂ ಬೆನ್ನಟ್ಟಿತು.

ಕ್ಯಾಂಪ್ ಭಾಗದಲ್ಲಿ ಕೆಂಪು ಇಟ್ಟಿಗೆಯ ಎತ್ತರದ ಗೋಪುರವೊಂದಿದೆ. ಜನ ‘ಲಾಲ್ ದೇವಳ’ ಅಂತಾರೆ. ನೋಡಿದರೆ ಚರ್ಚು ಅನ್ನಿಸುತ್ತೆ. ಅದು ಯಹೂದ್ಯರ ಪ್ರಾರ್ಥನಾ ಮಂದಿರ. ಬಾಗ್ದಾದಿನಿಂದ ಬಂದ ವ್ಯಾಪಾರಿ ಡೇವಿಡ್ ಸಸೂನ್ ಶುರುಮಾಡಿದ ಕಟ್ಟಡ 1867ರಲ್ಲಿ ಮುಗಿಯಿತು. ರಾಸ್ತಾ ಪೇಠೆಯಲ್ಲಿ ಬೆನೆ ಇಸ್ರೇಲ್ ಪಂಗಡದವರ ಇನ್ನೊಂದು ಮಂದಿರವಿದೆ. ಇವರು ಕೊಂಕಣ ಕರಾವಳಿಯವರು, ಮನೆಮಾತು ಮರಾಠಿ. ನಮ್ಮಲ್ಲಿ ಹುಬ್ಳೀಕರ್ ಇದ್ದಂತೆ ಇವರಲ್ಲಿ ಪೇಣ್ ಊರಿನವರು ಪೇಣಕರ್.

1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಇವರಲ್ಲಿ ಹೆಚ್ಚಿನವರು ಕ್ರಮೇಣ ಅಲ್ಲಿಗೆ ಹೊರಟರು. ಇಲ್ಲಿ ಯಾರೂ ಓಡಿಸಿರಲಿಲ್ಲ. ಪೂರ್ವಜರ ನಾಡೆಂಬ ಸೆಳೆತ. ಹೋದರೆ, 1962ರಲ್ಲಿ ಅಲ್ಲಿನ ಧರ್ಮಗುರುಗಳು ಮದುವೆಗೆ ಮುಂಚೆ ಇವರ ವಂಶಾವಳಿ ಪರೀಕ್ಷಿಸಬೇಕೆಂದರು! ಪ್ರತಿಭಟನೆಗಳಾದವು. 1964ರಲ್ಲಿ ಸಂಸತ್ತು ಇವರೂ ಎಲ್ಲ ರೀತಿಯಿಂದಲೂ ಸಮಾನ ಯಹೂದ್ಯರೇ ಎಂದು ಸಾರಿತು.

ಲೆಕ್ಕದ ಪುಸ್ತಕಕ್ಕೆ ಜಮೆಯಂತೆ ಖರ್ಚಿನ ಬದಿಯೂ ಇರುತ್ತೆ. 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಅವರನ್ನು ಮರಳಲು ಬಿಡಲಿಲ್ಲ. ಭಾರತಕ್ಕೆ ಎರಡೂ ಬದಿ ಕಾಣುತ್ತಿತ್ತು. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ತೀನಿನ ವಿಭಜನೆಗೆ ವಿರುದ್ಧ ಮತ ಹಾಕಿತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟಿತು. 1988ರಲ್ಲಿ ಪ್ಯಾಲೆಸ್ತೀನಿಗೂ ಕೊಟ್ಟಿತು. ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧ ಬಂದದ್ದು 1992ರಲ್ಲಿ.

ವಲಸೆ ಹೋದ ಪೇಣಕರರ ಮೊಮ್ಮಕ್ಕಳು ಮನಸ್ಸಾದರೆ ಪೇಣ್ ನೋಡಿಕೊಂಡು ಹೋಗಬಹುದು. ನಿರಾಶ್ರಿತರ ಶಿಬಿರಗಳಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಮೊಮ್ಮಕ್ಕಳಲ್ಲಿ ಬಹಳ ಮಂದಿಗೆ ಅಜ್ಜನ ಊರಿನ ಹೆಸರಷ್ಟೇ ಉಳಿದಿದೆ.