ಸಭೆ: ಕೂಟವೋ, ಕಟ್ಟಡವೋ?

ಧಾರವಾಡದಲ್ಲಿ ನಾವು ಕಟ್ಟಡಕ್ಕೂ ಜನಕ್ಕೂ ಸಲೀಸಾಗಿ ‘ಚರ್ಚ್’ ಅಂದುಬಿಡುತ್ತೇವೆ. ಪ್ರೊಟೆಸ್ಟಂಟ್ ಕ್ರೈಸ್ತರ ಬರಹದ ಕನ್ನಡ ಅಷ್ಟು ಸಡಿಲವಲ್ಲ. ಕಟ್ಟಡ ದೇವಾಲಯ, ಅಲ್ಲಿ ಕೂಡುವವರು ಸಭೆ, ಅವರನ್ನು ನಡೆಸುವವರು ಸಭಾಪಾಲಕರು.

ಸಭೆ ಋಗ್ವೇದದಷ್ಟು ಹಳೆಯ ಪದ. ಆಗ ಅದಕ್ಕೆ ಎರಡು ಅರ್ಥ: ಕೂಡಿದ ಜನ, ಕೂಡುವ ಚಾವಡಿ. ಮಹಾಭಾರತದಲ್ಲಿ ಮಯ ಪಾಂಡವರಿಗೆ ಕಟ್ಟಿಕೊಟ್ಟ ಸಭೆ ಅಪ್ಪಟ ಕಟ್ಟಡ. ನೆಲವನ್ನು ನೀರೆಂದು ಬಗೆದು ದುರ್ಯೋಧನ ಬಟ್ಟೆ ಎತ್ತಿ ನಡೆದದ್ದು ಅಲ್ಲಿಯೇ. ಬರಬರುತ್ತ ಕನ್ನಡದಲ್ಲಿ ಕಟ್ಟಡದ ಅರ್ಥ ಸವೆಯಿತು. ಜಾಗ ಹೇಳಬೇಕಾದರೆ ಈಗ ಸಭಾಮಂಟಪ, ಸಭಾಭವನ ಎಂದು ಇನ್ನೊಂದು ಪದ ಜೋಡಿಸಬೇಕು.

ಗ್ರೀಕಿನ ‘ಎಕ್ಲೇಸಿಯಾ’ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆಯಿತು. ಅದು ಅಥೆನ್ಸಿನ ಪೌರರ ಕೂಟ. ಪ್ನಿಕ್ಸ್ ಗುಡ್ಡದ ಬಯಲಲ್ಲಿ ಸೇರುತ್ತಿತ್ತು, ಮೇಲೆ ಸೂರಿರಲಿಲ್ಲ. ಮೊದಲ ಕ್ರೈಸ್ತರು ತಮ್ಮ ಕೂಟವನ್ನೂ ಹಾಗೇ ಕರೆದುಕೊಂಡರು. ಲ್ಯಾಟಿನ್ ದಾಟಿ, ಪೋರ್ಚುಗೀಸರ ‘ಇಗ್ರೇಜಾ’ ಆಗಿ ನಮ್ಮ ಕರಾವಳಿಗೆ ಇಳಿದು ‘ಇಗರ್ಜಿ’ ಎನಿಸಿಕೊಳ್ಳುವ ಹೊತ್ತಿಗೆ ಅದಕ್ಕೆ ಗೋಡೆ, ಗಂಟೆ ಎಲ್ಲ ಬಂದಿದ್ದವು.

ಘಟ್ಟದ ಮೇಲೆ ಅದೇ ಎಕ್ಲೇಸಿಯಾ ಅನುವಾದವಾಗಿ ಬಂತು. ಕನ್ನಡ ಬೈಬಲಿನಲ್ಲಿ ಅದರ ಜಾಗಕ್ಕೆ ನಿಂತದ್ದು ಸಭೆ. ಪ್ರೊಟೆಸ್ಟಂಟರ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಅವರ ಪರಂಪರೆಯಲ್ಲಿ ಆರಾಧನೆಯ ಮುಖ್ಯ ಕೆಲಸ ದೇವರ ವಾಕ್ಯ ಕೇಳುವುದು. ಪ್ರಸಂಗಪೀಠದ ದನಿ ಕೊನೆಯ ಬೆಂಚಿಗೂ ಮುಟ್ಟಿದರೆ ಕಟ್ಟಡ ಸಾರ್ಥಕ.

ಆಂಗ್ಲಿಕನ್ನರ ದಾರಿ ಬೇರೆ. ಅದೇ 1839ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕ್ಯಾಮ್ಡನ್ ಸೊಸೈಟಿ ಹುಟ್ಟಿತು. ಆಂಗ್ಲಿಕನ್ ಚರ್ಚು ಹೇಗಿರಬೇಕೆಂದು ವಿಕ್ಟೋರಿಯಾ ಕಾಲಕ್ಕೆ ಪಾಠ ಹೇಳಿದವರಲ್ಲಿ ಇವರು ಮುಂಚೂಣಿಯವರು. ಚೂಪು ಕಮಾನು, ಕಡಿದಾದ ಮಾಡು, ಪೂರ್ವಕ್ಕೆ ಬಲಿಪೀಠ; ಜನ ಕೂರುವ ಅಂಕಣದಿಂದ ಬೇರೆಯಾಗಿ, ಮೆಟ್ಟಿಲೇರಿ ಹೋಗುವ ಗರ್ಭಗುಡಿಯಂಥ ಭಾಗ. ಆ ಶಾಸ್ತ್ರವನ್ನು ಅವರು ಕರೆದದ್ದು ಎಕ್ಲೀಸಿಯಾಲಜಿ ಎಂದು! ಬಯಲಲ್ಲಿ ಕೂಡುತ್ತಿದ್ದವರ ಹೆಸರು ಕಲ್ಲುಗಾರೆಯ ಶಾಸ್ತ್ರವಾಯಿತು.

ಧಾರವಾಡದ ಆಲ್ ಸೇಂಟ್ಸ್ ದೇವಾಲಯ ಆಂಗ್ಲಿಕನ್ ಮನೆತನದ್ದು, ಹೆಬಿಕ್ ಸ್ಮಾರಕ ದೇವಾಲಯ ಬಾಸೆಲ್ ಮನೆತನದ್ದು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರೂ ಇತರ ಪ್ರೊಟೆಸ್ಟಂಟರೂ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಿತು. ಇಲ್ಲಿನ ಬಾಸೆಲ್ ಸಭೆಗಳು ತಡವಾಗಿ ಅದನ್ನು ಕೂಡಿಕೊಂಡವು. ಇಂಗ್ಲಿಷಿನ ಆ ‘ಚರ್ಚ್’ ಕನ್ನಡದಲ್ಲಿ ದೇವಾಲಯವಾಗಲಿಲ್ಲ, ಇಗರ್ಜಿಯೂ ಆಗಲಿಲ್ಲ. ‘ದಕ್ಷಿಣ ಭಾರತ ಸಭೆ’ ಆಯಿತು. ಕಥೋಲಿಕರೂ ಜಗತ್ತಿನ ತಮ್ಮ ಇಡೀ ಸಮುದಾಯಕ್ಕೆ ಧರ್ಮಸಭೆ ಎನ್ನುತ್ತಾರೆ. ಇಂಗ್ಲಿಷು ಒಂದೇ ಪದಕ್ಕೆ ಹೊರಿಸಿದ ಎರಡು ಹೊರೆಗಳನ್ನು ಕನ್ನಡ ಹೀಗೆ ಬೇರೆ ಬೇರೆ ಇಳಿಸಿಕೊಂಡದ್ದು ನನಗೆ ಬಹಳ ಹಿಡಿಸುತ್ತದೆ.