ಗಡಿ ದಾಟಿದ ಮೇಷ್ಟ್ರು: ಅಮೆರಿಕದ ಹಿಸ್ಪಾನಿಕ್ ಕುಟುಂಬಗಳ ಸಾಕ್ಷರತೆ ಮತ್ತು ಶಿಕ್ಷಕ ವಿನಿಮಯ

ಚಳಿಗಾಲ ಬಂತೆಂದರೆ ಕ್ಯಾಲಿಫೋರ್ನಿಯಾದ ಪಾಹಾರೋ ಕಣಿವೆಯ ಶಾಲೆಗಳಲ್ಲಿ ಹಾಜರಿ ಇಳಿಯುತ್ತಿತ್ತು. ಸ್ಟ್ರಾಬೆರಿ, ಲೆಟಿಸ್ ಹೊಲಗಳಲ್ಲಿ ಕೆಲಸ ಮುಗಿದ ಕೂಡಲೇ ಕೂಲಿ ಕುಟುಂಬಗಳು ಮೆಕ್ಸಿಕೊದ ಮಿಚೊವಕಾನ್ ರಾಜ್ಯದ ಊರುಗಳಿಗೆ ಹೊರಡುತ್ತಿದ್ದವು, ಹೊಸ ಹಂಗಾಮಿಗೆ ಮರಳುತ್ತಿದ್ದವು. ಮಕ್ಕಳಿಗೆ ಎರಡು ಶಾಲೆ, ಎರಡೂ ಅರ್ಧಂಬರ್ಧ. ಅಲ್ಲಿ ಕಲಿತದ್ದು ಇಲ್ಲಿ ಲೆಕ್ಕಕ್ಕಿಲ್ಲ, ಇಲ್ಲಿ ಕಲಿತದ್ದು ಅಲ್ಲಿ ಲೆಕ್ಕಕ್ಕಿಲ್ಲ. 1976ರಲ್ಲಿ ಎರಡೂ ಕಡೆಯ ಶಿಕ್ಷಕರು ಒಬ್ಬರನ್ನೊಬ್ಬರು ಹುಡುಕಿಕೊಂಡು ಮಾತಿಗೆ ಕೂತರು. ಆ ಮಾತುಕತೆಯೇ ಬೆಳೆದು ದ್ವಿರಾಷ್ಟ್ರೀಯ ವಲಸೆ ಶಿಕ್ಷಣ ಕಾರ್ಯಕ್ರಮವಾಯಿತು. ಸ್ಪ್ಯಾನಿಷ್‌ನಲ್ಲಿ ಅದರ ಚಿಕ್ಕ ಹೆಸರು 'ಪ್ರೊಬೆಮ್'.

ಈ ಓಡಾಟಕ್ಕೆ ಹಳೆಯ ಬೇರಿದೆ. 1942ರಿಂದ 1964ರವರೆಗೆ ನಡೆದ 'ಬ್ರಾಸೆರೊ' ಒಪ್ಪಂದದಡಿ ಅಮೆರಿಕ ತನ್ನ ಹೊಲಗಳಿಗೆ ಮೆಕ್ಸಿಕೊದಿಂದ ಗಂಡಾಳುಗಳನ್ನು ಕರೆಸಿಕೊಂಡಿತು. ಹೆಂಡತಿ ಮಕ್ಕಳು ಊರಲ್ಲೇ ಉಳಿದರು. ಒಪ್ಪಂದ ಮುಗಿದ ಮೇಲೆ ಸಂಸಾರಗಳೂ ಬಂದವು, ಶಾಲೆಯ ಪ್ರಶ್ನೆಯೂ ಬಂತು. ವಲಸೆ ಕೃಷಿ ಕಾರ್ಮಿಕರ ಮಕ್ಕಳಿಗೆಂದು 1966ರಲ್ಲಿ ಪ್ರತ್ಯೇಕ ಅನುದಾನ, 1968ರಲ್ಲಿ ದ್ವಿಭಾಷಾ ಶಿಕ್ಷಣ ಕಾಯಿದೆ. ಈ ಕಾಯಿದೆಗೆ ಅಂಕಿತ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್, ಅದಕ್ಕೂ ನಲವತ್ತು ವರ್ಷಗಳ ಹಿಂದೆ ಟೆಕ್ಸಾಸ್‌ನ ಕೊಟುಲಾ ಎಂಬ ಪುಟ್ಟ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು.

ಆದರೂ ಕಾಯಿದೆ ನೋಡಿದ್ದು ಮಕ್ಕಳನ್ನು. ಮನೆಯನ್ನು ನೋಡಿದವರು ಬೇರೆ.

1986ರಲ್ಲಿ, ಅದೇ ಪಾಹಾರೋ ಕಣಿವೆಯ ವಾಟ್ಸನ್‌ವಿಲ್ ಸುತ್ತಮುತ್ತ, ಕ್ಯೂಬಾದಲ್ಲಿ ಹುಟ್ಟಿದ ಲೇಖಕಿ, ಅಧ್ಯಾಪಕಿ ಆಲ್ಮಾ ಫ್ಲೋರ್ ಆಡಾ ಅಪ್ಪ ಅಮ್ಮಂದಿರನ್ನು ತಿಂಗಳಿಗೊಂದು ಸಂಜೆ ಸೇರಿಸತೊಡಗಿದರು. ಬಂದವರಲ್ಲಿ ಹೆಚ್ಚಿನವರ ಓದು ಪ್ರಾಥಮಿಕ ಶಾಲೆಯ ಕೆಲವು ತರಗತಿಗಳಿಗೇ ನಿಂತಿತ್ತು. ಅವರಿಗೆ ಸ್ಪ್ಯಾನಿಷ್ ಮಕ್ಕಳ ಪುಸ್ತಕಗಳನ್ನು ಓದಿ ತೋರಿಸುವುದು, ಗುಂಪಾಗಿ ಕೂತು ಚರ್ಚಿಸುವುದು, ಇಷ್ಟವಾದ ಪುಸ್ತಕವನ್ನು ಮನೆಗೆ ಒಯ್ದು ಮಗುವಿಗೆ ಓದಿ ಹೇಳುವುದು. ಜೊತೆಗೆ ಮಗು ತನ್ನದೇ ಕತೆ ಬರೆಯಲಿ ಎಂದು ಖಾಲಿ ಪುಸ್ತಕ. ಮುಂದಿನ ಸಭೆಯಲ್ಲಿ ಆ ಕತೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೊ ಫ್ರೇರೆಯ ಚಿಂತನೆಯ ನೆರಳು ಇಲ್ಲಿ ಸ್ಪಷ್ಟ: ಕತೆಯಲ್ಲಿ ಏನಾಯಿತು ಎಂಬಲ್ಲಿಗೆ ಪ್ರಶ್ನೆ ನಿಲ್ಲುತ್ತಿರಲಿಲ್ಲ, ನಿಮ್ಮ ಬದುಕಿನಲ್ಲಿ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ ಎಂಬಲ್ಲಿಗೆ ಹೋಗುತ್ತಿತ್ತು. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂಬ ಬುದ್ಧಿವಾದ ಕೇಳಿ ಕೇಳಿ ಕುಗ್ಗಿದ್ದ ತಾಯಂದಿರಿಗೆ ತಮ್ಮ ಮಾತೇ ಮಗುವಿನ ಓದಿಗೆ ಬುನಾದಿ ಎಂದು ಗೊತ್ತಾದದ್ದು ಈ ಪ್ರಯೋಗದ ದೊಡ್ಡ ಗಳಿಕೆ.

ಅದೇ ಹೊತ್ತಿಗೆ ಕೆಂಟಕಿ ರಾಜ್ಯದಲ್ಲಿ ಶಾರನ್ ಡಾರ್ಲಿಂಗ್ ತಾಯಿ ಮಗುವನ್ನು ಒಂದೇ ಶಾಲೆಗೆ ಕರೆತರುವ ಯೋಜನೆ ರೂಪಿಸಿದ್ದರು. ಮಗುವಿಗೆ ಪಾಠ, ತಾಯಿಗೆ ಪಾಠ, ಮಕ್ಕಳನ್ನು ಬೆಳೆಸುವ ಬಗ್ಗೆ ಮಾತು, ಕೊನೆಗೆ ಇಬ್ಬರೂ ಕೂಡಿ ಕಲಿಯುವ ಸಮಯ. ಕುಟುಂಬ ಸಾಕ್ಷರತೆ ಎಂಬ ಮಾತಿಗೆ ಅಮೆರಿಕದಲ್ಲಿ ಈಗಿರುವ ಅರ್ಥ ಬಹುಮಟ್ಟಿಗೆ ಈ ನಾಲ್ಕರ ಜೋಡಣೆ. 1988ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕುಟುಂಬ ಸಾಕ್ಷರತೆಯ 'ಈವನ್ ಸ್ಟಾರ್ಟ್' ಯೋಜನೆಗೆ ಮಂಜೂರಾತಿ ಕೊಟ್ಟಿತು. ಮರುವರ್ಷ ಕೆಂಟಕಿಯ ಲೂಯಿವಿಲ್‌ನಲ್ಲಿ ಡಾರ್ಲಿಂಗ್ ಅವರ ರಾಷ್ಟ್ರೀಯ ಕುಟುಂಬ ಸಾಕ್ಷರತಾ ಕೇಂದ್ರ ಆರಂಭವಾಯಿತು.

ಕಲಿಸುವವರು ಎಲ್ಲಿಂದ ಬರಬೇಕು? ಸ್ಪೇನ್ ಸರ್ಕಾರ 1986ರಲ್ಲಿ ಕ್ಯಾಲಿಫೋರ್ನಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಸಂದರ್ಶಕ ಶಿಕ್ಷಕರನ್ನು ಕಳಿಸಲಾರಂಭಿಸಿತು. ಮೆಕ್ಸಿಕೊ ಮತ್ತು ಅಮೆರಿಕ 1990ರಲ್ಲಿ ಶಿಕ್ಷಣದ ಒಡಂಬಡಿಕೆಗೆ ಸಹಿ ಹಾಕಿದ ಮೇಲೆ ಪ್ರೊಬೆಮ್‌ಗೆ ಬಲ ಬಂತು. ಮೆಕ್ಸಿಕೊದ ಶಿಕ್ಷಕರು ಬೇಸಿಗೆಯಲ್ಲಿ ಕೆಲವು ವಾರ ಬಂದು ವಲಸೆ ಮಕ್ಕಳ ಶಾಲೆಗಳಲ್ಲಿ ಕಲಿಸುತ್ತಿದ್ದರು, ಅಮೆರಿಕದ ಶಿಕ್ಷಕರು ಮಕ್ಕಳ ಮೂಲ ಊರು ನೋಡಲು ಹೋಗುತ್ತಿದ್ದರು. ಅವಧಿ ಚಿಕ್ಕದು, ಆದರೆ ಬಂದವರಿಗೆ ಈ ಮನೆಗಳ ಒಳಗು ಗೊತ್ತಿತ್ತು. ಮೆಕ್ಸಿಕೊ 1960ರಿಂದ ಪ್ರಾಥಮಿಕ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಡುತ್ತಿದೆ. ಅವು ಕಾನ್ಸುಲೇಟುಗಳ ಮೂಲಕ ಅಮೆರಿಕದ ಶಾಲೆಗಳಿಗೂ ತಲುಪಿವೆ. ಅಂಥ ಪುಸ್ತಕಗಳಲ್ಲೇ ಅಕ್ಷರ ಕಲಿತ ತಾಯಿಗೆ ಮಗುವಿನ ಪಕ್ಕ ಕೂರಲು ಹಿಂಜರಿಕೆ ಬೇಕಿಲ್ಲ. ಊರು ಬಿಟ್ಟು ಊರಿಗೆ ಹೋಗುವ ಮಗುವಿನ ತರಗತಿಯನ್ನು ಎರಡೂ ದೇಶ ಗುರುತಿಸುವಂತೆ ವರ್ಗಾವಣೆ ಪತ್ರವೊಂದನ್ನೂ ಪ್ರೊಬೆಮ್ ರೂಢಿಗೆ ತಂದಿತು. ಕೂಲಿ ಕುಟುಂಬಕ್ಕೆ ಆ ಒಂದು ಹಾಳೆ ಸಣ್ಣದೇನಲ್ಲ.

ದಾರಿ ಸಲೀಸಾಗಿರಲಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 227ನೇ ಪ್ರಸ್ತಾವನೆಯನ್ನು ಗೆಲ್ಲಿಸಿ ದ್ವಿಭಾಷಾ ಪಾಠಗಳನ್ನು ಬಹುಪಾಲು ಬದಿಗೆ ಸರಿಸಿದರು. ಅದು ಸಡಿಲವಾಗಲು 2016ರ ಇನ್ನೊಂದು ಜನಮತ ಬೇಕಾಯಿತು. ನಡುವೆ, 2003ರಲ್ಲಿ, ಲೂಯಿವಿಲ್ ಕೇಂದ್ರ ಟೊಯೋಟಾ ಕಂಪನಿಯ ನೆರವಿನಿಂದ ಹಿಸ್ಪಾನಿಕ್ ಮತ್ತಿತರ ವಲಸಿಗ ಕುಟುಂಬಗಳಿಗೆಂದೇ ಕಾರ್ಯಕ್ರಮ ಆರಂಭಿಸಿತು. ಈವನ್ ಸ್ಟಾರ್ಟ್‌ಗೆ ಸರ್ಕಾರದ ಹಣ 2011ರಲ್ಲಿ ನಿಂತಿತು.

ಹಿರಿಯರ ಓದಿಗೆ ಮತ್ತೊಂದು ಬಾಗಿಲು ಮೆಕ್ಸಿಕೊ ಕಡೆಯಿಂದ ತೆರೆಯಿತು. 1981ರಲ್ಲಿ ಹುಟ್ಟಿದ ಅಲ್ಲಿನ ವಯಸ್ಕರ ಶಿಕ್ಷಣ ಸಂಸ್ಥೆ, ಈ ಶತಮಾನದ ಆರಂಭದಲ್ಲಿ ಅಮೆರಿಕದ ಶಾಲೆ, ಗ್ರಂಥಾಲಯ, ಸಮುದಾಯ ಕೇಂದ್ರಗಳ ಜೊತೆಗೂಡಿ 'ಪ್ಲಾಸಾ ಕೊಮುನಿತಾರಿಯಾ' ಕಲಿಕಾ ಕೇಂದ್ರಗಳನ್ನು ನಡೆಸತೊಡಗಿತು. ಅರ್ಧಕ್ಕೆ ಶಾಲೆ ಬಿಟ್ಟು ಬಂದ ತಂದೆ ತಾಯಿ ಅಲ್ಲಿ ಸ್ಪ್ಯಾನಿಷ್‌ನಲ್ಲೇ ಪ್ರಾಥಮಿಕ, ಮಾಧ್ಯಮಿಕ ಹಂತ ಮುಗಿಸಿ, ಮೆಕ್ಸಿಕೊ ಸರ್ಕಾರದ ಪ್ರಮಾಣಪತ್ರ ಪಡೆಯಬಹುದು.